ರೇಷ್ಮೆಗೂಡಿನ ಹೂವಿನವರು

ಪ್ರತಿ ಭಾನುವಾರ ನಂದಿ ದೇವಸ್ಥಾನದ ಎದುರು ಚಾಪೆ ಹಾಸಿ, ಶಿಡ್ಲಘಟ್ಟದಿಂದ ತಂದ ರೇಷ್ಮೆಗೂಡುಗಳನ್ನು ಹೂವಾಗಿ ಕತ್ತರಿಸಿ ಮಾಲೆ ಪೋಣಿಸುತ್ತಿದ್ದರು ಒಬ್ಬ ಅಜ್ಜಿ. ಜನ ಮುಟ್ಟಿ ನೋಡಿ, "ಪ್ಲಾಸ್ಟಿಕ್ಕಾ?" ಎಂದು ಕೇಳಿ ಹೋಗುತ್ತಿದ್ದರು. ಪಕ್ಕದಲ್ಲಿ ಕಾಯಿ ಮಾರುವ ನಾನು ಮುಖ ಸಣ್ಣ ಮಾಡಿದರೆ, "ನೋಡ್ಲಿ ಬಿಡಮ್ಮ," ಎನ್ನುತ್ತಿದ್ದರು.

ಒಂದು ದಿನ ಮಾತ್ರ, "ಇವತ್ತೂ ಬೋಣಿ ಆಗ್ಲಿಲ್ಲಾಂದ್ರೆ ಇನ್ಮೇಲೆ ಬರಲ್ಲಮ್ಮ," ಎಂದರು.

ಅಷ್ಟರಲ್ಲಿ ಒಬ್ಬ ಮಹಿಳೆ ಮಾಲೆ ಎತ್ತಿ ನೋಡಿ, "ಇಷ್ಟೇನಾ? ಮನೇಲಿ ನಾನೇ ಮಾಡ್ಕೋತೀನಿ," ಎಂದರು.

ಅಜ್ಜಿ ಚಾಪೆಯ ಮೇಲೆ ಜರುಗಿ ಕೂತು ಸೂಜಿ ಮುಂದೆ ಹಿಡಿದರು. "ಬಾಮ್ಮ, ಇಲ್ಲೇ ಮಾಡಣ."

ಆ ಮಹಿಳೆ ನಗುತ್ತಲೇ ಕೂತರು. ಸೊಟ್ಟ ಹೂವೊಂದು ಮುಗಿಯುವ ಹೊತ್ತಿಗೆ ಇನ್ಯಾರೋ ಬಗ್ಗಿ, "ಪ್ಲಾಸ್ಟಿಕ್ಕಾ?" ಎಂದರು.

"ರೇಷ್ಮೆಗೂಡು ಕಣ್ರೀ! ಒಂದು ಹೂವಿಗೇ ನನ್ನ ಬೆರಳೆಲ್ಲ ತೂತಾಯ್ತು," ಎಂದು ಆ ಮಹಿಳೆಯೇ ರೇಗಿದರು. ಹೋಗುವಾಗ ದೊಡ್ಡ ಮಾಲೆಯನ್ನೇ ಕೊಂಡರು.

ಮುಂದಿನ ಭಾನುವಾರ, ಬಂದವರು ಕೂರಲೆಂದು ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿತ್ತು.