ಬಿಸಿ ರೊಟ್ಟಿ ಮತ್ತು ಎರಡು ಗಂಟೆಯ ಲಾಗ್‌ಬುಕ್

೧೯೯೪ರಲ್ಲಿ ನಾನು ಒಂದು ಸಲಹಾ ಕಂಪನಿಯಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಯಂತ್ರಗಳು ಎಷ್ಟು ಹೊಗೆ ಉಗುಳುತ್ತವೆಂದು ಅಂದಾಜು ಮಾಡುವುದು ನಮ್ಮ ಕೆಲಸ. ನಮ್ಮ ಸಾಹೇಬರು ಮೊದಲು ಮದ್ರಾಸಿನಲ್ಲಿ, ಬಂದರಿನ ಕಂಟೇನರ್ ಎತ್ತುವ ಯಂತ್ರಗಳ ಲೆಕ್ಕ ಹಾಕಿದ್ದವರು. ಆ ಬಂದರಿನ ಹೆಸರು ಹೇಳದೆ ಅವರು ಚಹಾ ಕೂಡ ಕುಡಿಯುತ್ತಿರಲಿಲ್ಲ.

ಸಿಂಧನೂರಿನ ಅಕ್ಕಿ ಗೋದಾಮೊಂದರಿಂದ ಸರ್ಕಾರಕ್ಕೆ ದೂರು ಹೋಗಿ, ತಪಾಸಣೆಯ ಕೆಲಸ ನಮಗೆ ಬಂದಿತ್ತು. ಬಂದರಿನಲ್ಲಿ ಹರಾಜಾದ ಚೀಲ ಎತ್ತಲು ಎರಡು ಹಳೆಯ ಡೀಸೆಲ್ ಫೋರ್ಕ್‌ಲಿಫ್ಟ್‌ಗಳನ್ನು ಮಾಲೀಕರು ತಂದು, ಕಿಟಕಿಯಿಲ್ಲದ ಶೆಡ್ಡಿನೊಳಗೆ ಓಡಿಸುತ್ತಿದ್ದರು. ಅಲ್ಲೇ ಕುಳಿತು ಚೀಲದ ಬಾಯಿ ಹೊಲಿಯುವ ಹೆಂಗಸರಿಗೆ ಮಧ್ಯಾಹ್ನದ ಹೊತ್ತಿಗೆ ತಲೆಸುತ್ತು, ವಾಂತಿ. ಹೊಗೆ ಮಿತಿ ಮೀರಿದೆ ಎಂದು ನಾವು ಬರೆದರೆ ಮಾಲೀಕರು ಯಂತ್ರ ದುರಸ್ತಿ ಮಾಡಿಸಲೇಬೇಕಿತ್ತು.

ಲೆಕ್ಕದ ವಿಧಾನ ಸರಳ. ಎಂಜಿನ್ನಿನ ಅಶ್ವಶಕ್ತಿ, ಅದರ ಮೇಲೆ ಬೀಳುವ ಲೋಡ್, ಅದು ಓಡಿದ ಗಂಟೆಗಳು, ಒಂದು ಅಶ್ವಶಕ್ತಿಗೆ ಗಂಟೆಗೆ ಇಷ್ಟು ಎಂಬ ಹೊಗೆಯ ಪ್ರಮಾಣ, ಇವನ್ನೆಲ್ಲ ಗುಣಿಸಬೇಕು. ಗಂಟೆ ತಪ್ಪಿದರೆ ಲೆಕ್ಕವೇ ತಪ್ಪು. ನಮ್ಮ ಸಾಹೇಬರು ಲಿಂಗಸುಗೂರಿನ ಪ್ರವಾಸಿ ಮಂದಿರದಲ್ಲಿ ಮಂಚದ ಮೇಲೆ ಕುಳಿತೇ ಮಸ್ಕಿಯ ಗೋದಾಮಿನ ನಮೂನೆ ತುಂಬಿ ಮುಗಿಸಿದ್ದರು. ಸಿಂಧನೂರಿಗಾದರೂ ಬಂದರಲ್ಲ ಎಂಬುದೇ ದೊಡ್ಡ ಉಪಕಾರ.

ಬಂದವರು ನೇರವಾಗಿ ಕಚೇರಿಗೆ ಹೋಗಿ ಲಾಗ್‌ಬುಕ್ ತೆರೆದರು. ದಿನಕ್ಕೆ ಎರಡು ಗಂಟೆ ಎಂದಿತ್ತು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಚೀಲ ಹೊಲಿಯುವ ಹುಲಿಗೆಮ್ಮ, ತುರ್ವಿಹಾಳದಿಂದ ದಿನಾ ಬಸ್ಸಿಗೆ ಬರುವಾಕೆ, ತನ್ನ ಬುತ್ತಿ ಬಿಚ್ಚಿ ನಮಗೂ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟಳು.

"ಆಹಾ, ಬಿಸಿ ಬಿಸಿ!" ಎಂದರು ಸಾಹೇಬರು, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು.

"ಮಷೀನಿನ ಮ್ಯಾಲ ಇಟ್ಟಿದ್ದೆರೀ," ಎಂದಳು ಹುಲಿಗೆಮ್ಮ. "ಮುಂಜಾನಿ ಚಾಲೂ ಮಾಡಿದ್ರ ಸಂಜೀತನಕ ಬಂದ್ ಮಾಡಂಗಿಲ್ಲ. ಬಂದ್ ಆದ್ರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೀಬೇಕು, ಚಾಲೂ ಮಾಡೋ ಸೆಲ್ಫ್ ಸತ್ತು ವರ್ಷಾತು."

ಲಾಗ್‌ಬುಕ್ಕಿನಲ್ಲಿದ್ದದ್ದು ಚೀಲ ಎತ್ತಿದ ಹೊತ್ತು ಮಾತ್ರ. ಉಳಿದ ಏಳು ಗಂಟೆ ಎಂಜಿನ್ ಸುಮ್ಮನೆ ಗುರುಗುಟ್ಟುತ್ತ ಅವಳ ಮುಖಕ್ಕೆ ಹೊಗೆ ಊದುತ್ತಿತ್ತು. ನಾನು ಅದನ್ನೇ ಹೇಳಿದೆ. ಸಾಹೇಬರು ಕೈ ತೊಳೆಯುತ್ತ, "ಲಾಗ್‌ಬುಕ್ ದಾಖಲೆ ಕಣಯ್ಯ. ರೊಟ್ಟಿ ಗಂಟು ದಾಖಲೆ ಅಲ್ಲ," ಎಂದರು. ಆಕೆಯ ಅನ್ನ ಉಂಡ ಬಾಯಲ್ಲೇ ಅಂದರು. ವರದಿಯಲ್ಲಿ 'ಮಿತಿಯೊಳಗಿದೆ' ಎಂದು ಬರೆದರು. ಕೆಳಗೆ ಎರಡನೆಯ ಸಹಿ ನನ್ನದು. ಅವರನ್ನು ಬೈದಷ್ಟೂ ಆ ಸಹಿ ನೆನಪಾಗುತ್ತದೆ. ಅವರು ಸೋಮಾರಿ, ಸರಿ. ನಾನು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ಹೇಡಿ.

ಮರುವರ್ಷ ಮರುಪರಿಶೀಲನೆಗೆ ನನ್ನೊಬ್ಬನನ್ನೇ ಕಳಿಸಿದರು. ಲಾರಿ ಆಗಷ್ಟೇ ಹೋಗಿತ್ತು, ಶೆಡ್ಡಿನಲ್ಲಿ ಸದ್ದಿಲ್ಲ. ಹುಲಿಗೆಮ್ಮ ನನ್ನ ಗುರುತು ಹಿಡಿದಳು.

"ನಿಮ್ಮ ಕಾಗದ ಬಂದಿತ್ತರೀ. ಹೊಗಿ ಜಾಸ್ತಿ ಇಲ್ಲಂತ ಬರ್ದಿದ್ರಲ್ಲ, ಓದಿಸಿ ಕೇಳಿದ್ವಿ. ಮರುದಿನ ಹಮಾಲರು, ನಾವು ಎಲ್ಲಾರೂ ಹೊರಗ ಬಂದು ಕುಂತ್ವಿ. ಮೂರನೇ ದಿನಕ್ಕ ಮಷೀನು ರಿಪೇರಿ ಆತು. ಈಗ ಲಾರಿ ಬಂದಾಗಷ್ಟೇ ಚಾಲೂ."

ನಾವು ಮಾಡಬೇಕಾಗಿದ್ದ ಕೆಲಸವನ್ನು ಅವರು ಮೂರು ದಿನ ಕೂಲಿ ಬಿಟ್ಟು ಮಾಡಿಕೊಂಡಿದ್ದರು. ಅಂದಿನಿಂದ ನಾನು ಎಲ್ಲಿಗೆ ಹೋದರೂ ಲಾಗ್‌ಬುಕ್ ಕೇಳುವ ಮೊದಲು ಎಂಜಿನ್ನಿನ ಮೇಲೆ ಕೈಯಿಟ್ಟು ನೋಡುತ್ತೇನೆ, ಅದರ ಪಕ್ಕ ದುಡಿಯುವವರನ್ನು ಕೇಳುತ್ತೇನೆ. ಉದ್ಯೋಗ ಕಲಿಸಿದ್ದು ಇಷ್ಟೇ. ಕಲಿಸಿದವರು ಸಾಹೇಬರಲ್ಲ.

ನಾನು ಹೊರಡುವಾಗ ಹುಲಿಗೆಮ್ಮ ಬುತ್ತಿ ಬಿಚ್ಚಿದಳು. "ಉಣ್ರಿ. ಆದ್ರ ಈ ಸಲ ತಣ್ಣಗದ ನೋಡ್ರಿ," ಎಂದಳು.

ನಾನು ತಲೆ ತಗ್ಗಿಸಿ ಉಂಡೆ.