ಪ್ಯಾಕೇಜಿನೊಳಗಿನ ಗುಂಡಿ

ಬಚ್ಚಿಡುವುದರಲ್ಲಿ ಒಂದು ಸುಖವಿದೆ. ನಾನು ಬಂಗಾರಪೇಟೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳುವವನು. ಬಚ್ಚಿಡಲು ಒಡವೆಯಿಲ್ಲ, ದತ್ತಾಂಶವಿದೆ. ಅಂಕಿಅಂಶದ ಪ್ಯಾಕೇಜು, ಅಂದರೆ ಲೆಕ್ಕ ಮಾಡುವ ಕಂಪ್ಯೂಟರ್ ತಂತ್ರಾಂಶ, ಬರೆಯುವವರಿಗೆ ಒಂದು ಅನುಕೂಲವುಂಟು: ಬೇಕಾದ ಕೋಷ್ಟಕವನ್ನು ಅದರ ಹೊಟ್ಟೆಯೊಳಗೇ ಇಟ್ಟುಬಿಡಬಹುದು. ಒಳಗಿನ ಲೆಕ್ಕಗಳಿಗೆ ಅದು ಕಾಣುತ್ತದೆ, ಬಳಸುವವರಿಗೆ ಕಾಣುವುದಿಲ್ಲ. ಅಡುಗೆಮನೆ ನೋಡದ ನೆಂಟರ ಹಾಗೆ ಅವರು ಉತ್ತರವನ್ನಷ್ಟೇ ಉಂಡು ಹೋಗುತ್ತಾರೆ.

ನಮ್ಮೂರಿಗೆ ಹತ್ತಿರದ ಚಿನ್ನದ ಗಣಿಯೂರು ಕೋರಮಂಡಲ್ ಸುತ್ತ ಉಳಿದ ಹಳೆಯ ಗಣಿಗುಂಡಿಗಳ ಪಟ್ಟಿಯನ್ನು ನಾನು ಹಾಗೆ ಒಳಗಿಟ್ಟಿದ್ದೆ. ನಿಂತ ಜಾಗ ಕೊಟ್ಟರೆ ಹತ್ತಿರ ಗುಂಡಿ ಇದೆಯೋ ಇಲ್ಲವೋ ಪ್ಯಾಕೇಜು ಹೇಳಬೇಕು. ಹಳೆಯ ನಕ್ಷೆಯಲ್ಲಿ ಕೆಲವು ಗುಂಡಿಗಳ ಆಳ ಅಳಿಸಿಹೋಗಿತ್ತು. ಲೆಕ್ಕ ನಿಲ್ಲದಿರಲೆಂದು ಅಲ್ಲೆಲ್ಲ ಸೊನ್ನೆ ತುಂಬಿದೆ. ಆಳ ಸೊನ್ನೆಯಾದರೆ ಗುಂಡಿಯೇ ಇಲ್ಲ ಎಂದು ಪ್ಯಾಕೇಜು ತಿಳಿಯಿತು. ಅದರ ತಪ್ಪೇನು?

ಕಳೆದ ತಿಂಗಳು ಅದನ್ನು ಮುನಿಯಮ್ಮನ ಮುಂದೆ ಮೆರೆಸಲು ಹೋದೆ. ಆ ಗಣಿಗಳ ಪಕ್ಕದ ಹಳ್ಳಿಯಲ್ಲಿ ಹಸು ಸಾಕಿ ಡೈರಿಗೆ ಹಾಲು ಹಾಕುವಾಕೆ. ಕರುವೊಂದನ್ನು ಹಿಡಿದು ಮೇವಿನ ದಾರಿಯಲ್ಲಿ ಒಂದು ಪೊದೆಯನ್ನು ಸುತ್ತಿ ಬಳಸಿ ಹೊರಟಿದ್ದಳು.

"ನೇರ ನಡೀರಿ, ಇಲ್ಲಿ ಗುಂಡಿ ಇಲ್ಲ," ಎಂದು ಲ್ಯಾಪ್‌ಟಾಪು ತೋರಿಸಿದೆ.

"ನಿನ್ ಡಬ್ಬದಾಗಿಲ್ಲ ಸಾರ್, ನೆಲ್ದಾಗೈತೆ. ನಮ್ಮತ್ತೆ ಕಾಲ್ದಿಂದ್ಲೂ ಈ ಕಡೆ ಓಗಕಿಲ್ಲ."

ಲ್ಯಾಪ್‌ಟಾಪನ್ನು ಆಕೆಯ ಕೈಗಿತ್ತು, ಕರುವಿನ ಹಗ್ಗ ಹಿಡಿದು ನಾನೇ ಪೊದೆಯತ್ತ ನೇರ ನಾಲ್ಕು ಹೆಜ್ಜೆ ನಡೆದೆ. ಐದನೆಯದಕ್ಕೆ ನೆಲ ಹಪ್ಪಳದಂತೆ ಮುರಿಯಿತು. ಕರುವಿನ ಹಿಂಗಾಲು ಒಳಗಿಳಿದವು. ನನ್ನ ಕಾಲಡಿಯ ಮಣ್ಣೂ ಜಾರಿತು. ಆ ಮಣ್ಣು ತಳ ಮುಟ್ಟಿದ ಸದ್ದು ಬರಲೇ ಇಲ್ಲ.

"ಅಗ್ಗ ಬಿಟ್ಟೀಯ ಮೇಷ್ಟ್ರೇ! ಮಲ್ಕೋ, ಮಲ್ಕೊಂಡ್ ಎಳಿ!" ಮುನಿಯಮ್ಮ ಕೈಲಿದ್ದುದನ್ನು ಬದಿಗೆಸೆದು ತಾನೂ ಮಲಗಿ ನನ್ನ ಬೆಲ್ಟು ಹಿಡಿದಳು. ಕರು ಬಂತು, ನಾನೂ ಬಂದೆ.

"ಥೂ, ಓದಿದೋರ ಜೊತೆ ಮೇಯಕ್ ಓಗಬಾರ್ದು ಕಣಮ್ಮ," ಎಂದು ಕರುವಿನ ಮೈ ಸವರುತ್ತ ಅದಕ್ಕೆ ಬುದ್ಧಿ ಹೇಳಿದಳು.

ಈಗಲೂ ಬೋರ್ಡಿನ ಮೇಲೆ ಸೊನ್ನೆ ಬರೆದಾಗ, ಬಾರದ ಆ ಸದ್ದಿಗೆ ಕಿವಿ ಕಾಯುತ್ತದೆ. ಹುಡುಗರು ನಾನು ಯೋಚಿಸುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡುವಂತೆ ಹೊರಗಿಟ್ಟೆ. ಸೊನ್ನೆ ತೆಗೆದು 'ಗೊತ್ತಿಲ್ಲ' ಎಂದು ಬರೆದೆ. ಮುದ್ರಿಸಿ ಮುನಿಯಮ್ಮನಿಗೆ ಓದಿ ಹೇಳಿದರೆ, ಸಾಲಿಗೊಮ್ಮೆ, "ಇದ್ನ ಯಾರ್ ಕಂಡವ್ರೆ?" ಎಂದಳು.

"ನಕ್ಷೆಯಲ್ಲಿದೆ."

"ನಕ್ಸೆ ಏನ್ ದನ ಮೇಯ್ಸಿತ್ತಾ?"

ಹಾಗಾಗಿ 'ಕಂಡವರು' ಎಂಬ ಹೊಸ ಕಾಲಮ್ಮು ಸೇರಿಸಿದೆ. ಆ ಪೊದೆಯ ಗುಂಡಿಗೆ ಮೂರು ಹೆಸರುಗಳಿವೆ. ಮೊದಲು ಮುನಿಯಮ್ಮನದು. ನನ್ನದನ್ನು ಎರಡನೆಯದಾಗಿ ಬರೆಯಲು ಆಕೆ ಬಿಡಲಿಲ್ಲ, ಅದು ಕರುವಿಗೆ ಸೇರಬೇಕಂತೆ. ಒಪ್ಪಿದೆ, ನನಗಿಂತ ಒಂದು ಮೊಳ ಆಳ ನೋಡಿ ಬಂದದ್ದು ಅದೇ.