ಸಾಲಿಗೊಂದು ಫಾರಂ

ಪುಸ್ತಕ ಬರೆದವರಿಗೆ ಅಭಿನಂದನ ಗ್ರಂಥಗಳು ಬರುತ್ತವೆ, ಅಚ್ಚು ಹಾಕಿಸಿದವರಿಗೂ ಒಮ್ಮೊಮ್ಮೆ ಬರುತ್ತವೆ; ಆದರೆ ಹಾಳೆಗಳನ್ನು ಮಡಚಿ, ಜೋಡಿಸಿ, ಹೊಲಿದು ಅವಕ್ಕೆ ಪುಸ್ತಕದ ರೂಪ ಕೊಟ್ಟವರಿಗೆ ಬಂದದ್ದನ್ನು ನಾನು ಕಂಡಿಲ್ಲ. ಮೂವತ್ತೊಂದು ವರ್ಷ ನಮ್ಮ ಮುದ್ರಣಾಲಯದ ಬೈಂಡಿಂಗ್ ವಿಭಾಗವನ್ನು ಮುನ್ನಡೆಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ, ನಾವೆಲ್ಲ ಫಾರಂ ಅಕ್ಕ ಎಂದೇ ಕರೆಯುವ ಹಿರಿಯರಿಗೆ ಈ ಗ್ರಂಥ ಸಲ್ಲುತ್ತಿರುವುದು ನ್ಯಾಯವಾಗಿಯೇ ಇದೆ. ಸಂಪಾದಕರು ನನ್ನಿಂದ ಪ್ರಶಂಸೆಯ ನಾಲ್ಕು ಮಾತು ಕೇಳಿದ್ದಾರೆ. ಬರೆಯಲು ಕುಳಿತರೆ ಪ್ರಶಂಸೆಗಿಂತ ಮೊದಲು ಕೋಪ ಬರುತ್ತಿದೆ. ಕರಡು ತಿದ್ದುವುದು ನನ್ನ ಕಸುಬು. ಈ ಕೋಪವನ್ನು ಮಾತ್ರ ತಿದ್ದುವುದಿಲ್ಲ.

ಹೊಸಬರಿಗಾಗಿ ಹೇಳುತ್ತೇನೆ. ಹದಿನಾರು ಪುಟಗಳ ಒಂದು ಮಡಿಕೆಗೆ ನಮ್ಮಲ್ಲಿ ಫಾರಂ ಎನ್ನುತ್ತೇವೆ. ಉದ್ದನೆಯ ಮೇಜಿನ ಅಂಚಿಗೆ ಫಾರಂಗಳ ಕಟ್ಟುಗಳನ್ನು ಕ್ರಮವಾಗಿ ಇಟ್ಟು, ಹನ್ನೊಂದು ಮಂದಿ ಹೆಂಗಸರು ಮೇಜನ್ನು ಸುತ್ತುತ್ತ ಒಂದೊಂದನ್ನೇ ಎತ್ತಿಕೊಳ್ಳುತ್ತಾರೆ. ಒಂದು ಸುತ್ತಿಗೆ ಒಂದು ಪುಸ್ತಕ. ಈ ಸುತ್ತಿಗೆ ಅಕ್ಕ ಹಾಡು ಕಟ್ಟಿದ್ದರು. ಸಾಲಿಗೊಂದು ಹೆಜ್ಜೆ, ಹೆಜ್ಜೆಗೊಂದು ಫಾರಂ. ಪುಸ್ತಕ ದಪ್ಪವಾದಷ್ಟೂ ಹಾಡು ಬೆಳೆಯುತ್ತಿತ್ತು. ಮ್ಯಾನೇಜರರ ಹೊಟ್ಟೆ, ನನ್ನ ಕನ್ನಡಕ, ಯಾರದೋ ಅತ್ತೆಯ ನಾಲಿಗೆ ಎಲ್ಲವೂ ಅದರೊಳಗೆ ಬಂದುಹೋಗುತ್ತಿದ್ದವು. ಬರೀ ತಮಾಷೆಯೆಂದು ತಿಳಿಯಬೇಡಿ. ಯಾರದಾದರೂ ಕೈಗೆ ಎರಡು ಫಾರಂ ಅಂಟಿಕೊಂಡು ಬಂದರೆ ಅವಳು ತಡವರಿಸುತ್ತಿದ್ದಳು, ತಡವರಿಸಿದ ದನಿ ಬೇರೆಯಾಗಿ ಕೇಳುತ್ತಿತ್ತು, ಅಕ್ಕ ಕೈಯೆತ್ತಿ ಅಲ್ಲೇ ಎಲ್ಲರನ್ನೂ ನಿಲ್ಲಿಸುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಹಾಗೆ ಜೋಡಿಸಿದ ಒಂದು ಪುಸ್ತಕವೂ ಪುಟ ತಪ್ಪಿ ಹಿಂದಿರುಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಒಂದು ಗ್ರಂಥದ ಶೀರ್ಷಿಕೆ ಪುಟದಲ್ಲಿ ಲೇಖಕರ ಹೆಸರಿನ ಜಾಗದಲ್ಲಿ ಅವರ ತಂದೆಯ ಹೆಸರು ಅಚ್ಚಾಗಲು ಬಿಟ್ಟುಬಿಟ್ಟೆ. ಸಾವಿರ ಪ್ರತಿ ಹೊಲಿದಾಗಿತ್ತು. ಮಗಳಿಗೆ ಆಗ ಎರಡು ತಿಂಗಳು; ಕೆಲಸ ಹೋಯಿತೆಂದೇ ತಿಳಿದು ಮೆಟ್ಟಿಲ ಮೇಲೆ ಕುಳಿತಿದ್ದೆ. ಅಕ್ಕ ಯಾರಿಗೂ ಸುದ್ದಿ ಮುಟ್ಟಿಸದೆ ಭಾನುವಾರ ತಮ್ಮ ವಿಭಾಗದವರನ್ನು ಕರೆಸಿ, ಆ ಹಾಳೆಯನ್ನು ಪ್ರತಿ ಪುಸ್ತಕದಿಂದಲೂ ಕತ್ತರಿಸಿ, ಹೊಸದನ್ನು ಅಂಟಿಸಿಕೊಟ್ಟರು. ದಿನವಿಡೀ ಹಾಡುತ್ತಲೇ ಇದ್ದರು. ಅಂಟು ಹಚ್ಚುತ್ತ ನಾನೂ ಹಾಡಿದೆ. ನನ್ನ ದನಿಗೆ ಅವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂಥ ಹಗುರವಾದ ದಿನ ನನ್ನ ಬಾಳಿನಲ್ಲಿ ಹೆಚ್ಚು ಬಂದಿಲ್ಲ.

ಒಂಬತ್ತು ವರ್ಷಗಳ ಹಿಂದೆ ಆ ಹಾಡನ್ನು ನಿಲ್ಲಿಸಲಾಯಿತು. ಕಚೇರಿ ಸಿಬ್ಬಂದಿಯಿಂದ ಹೆಸರಿಲ್ಲದ ದೂರೊಂದು ಹೋಯಿತು: ಗದ್ದಲದಿಂದ ಗಮನ ಕೆಡುತ್ತಿದೆ, ಕ್ರಮ ಕೈಗೊಳ್ಳಬೇಕು. ಆಗಷ್ಟೇ ಬಂದಿದ್ದ ಮ್ಯಾನೇಜರರು ಆ ದೂರನ್ನೇ ಲಗತ್ತಿಸಿ ಅಕ್ಕನಿಗೆ ಮೆಮೊ ಕೊಟ್ಟು, ಗೋಡೆಗೆ ನಿಶ್ಶಬ್ದದ ಬೋರ್ಡು ಹೊಡೆಸಿದರು. ಆರು ತಿಂಗಳ ಬಳಿಕ ಅದೇ ಬೋರ್ಡಿನ ಮೇಲುಗಡೆ ಸ್ಪೀಕರು ಕೂರಿಸಿ ಸಿನಿಮಾ ಹಾಡು ಹಾಕಿಸಿದರು. ಹಾಡು ತಾನೆ ಬೇಕಿತ್ತು, ಹಾಕಿಸಿದ್ದೇವಲ್ಲ ಎಂಬುದು ಅವರ ವಾದ. ಎಂಥ ಮಾತು! ಊಟ ಬೇಕೆಂದವರಿಗೆ ಊಟದ ಚಿತ್ರ ತೋರಿಸಿದಂತೆ. ಸ್ಪೀಕರಿನ ಹಾಡು ಬೇಡವಾದ ಹುಡುಗಿಯರು ಇಯರ್‌ಫೋನು ಸಿಕ್ಕಿಸಿಕೊಂಡರು. ಹನ್ನೊಂದು ಮಂದಿ, ಹನ್ನೊಂದು ಹಾಡು, ಮುಚ್ಚಿದ ಹನ್ನೊಂದು ಬಾಯಿ. ಆ ವರ್ಷವೇ ಏಳನೆಯ ಫಾರಂ ಎರಡೆರಡಾಗಿ, ಎಂಟನೆಯದು ಇಲ್ಲವೇ ಇಲ್ಲದೆ ಮೂರು ಸಾವಿರ ಶಾಲಾಪುಸ್ತಕಗಳು ವಾಪಸು ಬಂದವು. ಅಕ್ಕನಿಗೆ ಮತ್ತೊಂದು ಮೆಮೊ. ಅವರು ಮ್ಯಾನೇಜರರ ಮುಂದೆ ನಿಂತು ಹೇಳಿದ್ದು ಇಷ್ಟೇ: “ಮೊದಲು ಹಾಡ್ತಿದ್ವಿ ಸಾರ್, ತಪ್ಪು ಕಿವಿಗೆ ಬೀಳ್ತಿತ್ತು. ಈಗ ಬೀಳಲ್ಲ.”

ಮುದ್ರಣಾಲಯವೊಂದನ್ನೇ ದೂರಿ ಏನು ಫಲ? ನನ್ನ ಮೊಮ್ಮಗಳ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯನ್ನು ಯಂತ್ರ ಹಾಡುತ್ತದೆ. ನಾನೂರು ಮಕ್ಕಳು ಕೈಕಟ್ಟಿ ತುಟಿ ಬಿಗಿದು ನಿಂತಿರುತ್ತಾರೆ. ತೊಟ್ಟಿಲ ಪಕ್ಕದಲ್ಲಿ ಫೋನು ಜೋಗುಳ ಹೇಳುತ್ತದೆ. ಯಾರಾದರೂ ಬಾಯಿ ತೆರೆದರೆ ಸುತ್ತಲಿನವರು ಮೊಬೈಲು ಎತ್ತಿ ಚಿತ್ರ ತೆಗೆಯುತ್ತಾರೆ, ದನಿಗೂಡಿಸುವವರು ಒಬ್ಬರಿಲ್ಲ. ಚೆನ್ನಾಗಿ ಹಾಡಬಲ್ಲವರು ಮಾತ್ರ ಹಾಡಬೇಕೆಂದು ನಮಗೆ ಯಾರು ಹೇಳಿಕೊಟ್ಟರು? ಕೆಟ್ಟ ದನಿಯ ನಾವೆಲ್ಲ ಎಲ್ಲಿಗೆ ಹೋಗಬೇಕು?

ಇಷ್ಟು ಕೂಗಾಡುವ ಯೋಗ್ಯತೆ ನನಗಿಲ್ಲ. ಆ ದೂರನ್ನು ಬರೆದವನು ನಾನೇ. ಅವಸರದ ಕರಡುಗಳು ರಾಶಿ ಬಿದ್ದಿದ್ದವು, ಗೋಡೆಯಾಚೆ ಹಾಡು. ತಲೆ ಕೆಟ್ಟು ಟೈಪು ಮಾಡಿ ದೂರಿನ ಪೆಟ್ಟಿಗೆಗೆ ಹಾಕಿದೆ. ಅಕ್ಕನಿಗೆ ಮೆಮೊ ಬಂದಾಗ ಎಲ್ಲರೊಂದಿಗೆ ಸೇರಿ ಮರುಗಿದೆ. ಈ ಲೇಖನಕ್ಕೆ ಕೈಹಚ್ಚುವ ಮುನ್ನ ಅವರ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ಮೂಳೆಯ ಪಟ್ಟಿಯಿಂದ ಹಾಳೆಯ ಮಡಿಕೆ ತೀಡುತ್ತಿದ್ದವರು ತಲೆ ಎತ್ತಲಿಲ್ಲ.

“ಗೊತ್ತಿತ್ತು. ದೂರಲ್ಲಿ ಒಂದು ಪದ ಬಿಟ್ಟೋಗಿತ್ತು ಅಂತ ಅಂಚಿನಲ್ಲಿ ಕೆಂಪು ಶಾಯೀಲಿ ಸೇರಿಸಿದ್ರಲ್ಲ. ಕರಡು ತಿದ್ದೋ ಆ ಗುರುತು ಈ ಪ್ರೆಸ್ಸಲ್ಲಿ ಇನ್ಯಾರು ಹಾಕ್ತಾರೆ?”

ಒಂಬತ್ತು ವರ್ಷ ಅವರು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ನನ್ನ ಮಗಳ ಮದುವೆಗೆ ಬಂದು ಬೆಳಗಿನಿಂದ ಬಡಿಸಿಹೋಗಿದ್ದರು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತಿದೆ.

ಈ ಸಂಪುಟಕ್ಕೆ ಹದಿನಾಲ್ಕು ಫಾರಂ; ನನ್ನ ಲೇಖನ ಕೊನೆಯದರಲ್ಲಿದೆ. ಅಕ್ಕನ ಕಡೆಯ ಕೆಲಸದ ದಿನ, ಸ್ಪೀಕರು ಆರಿಸಿ, ಇಡೀ ಸಂಪುಟವನ್ನು ಹಾಡುತ್ತಲೇ ಜೋಡಿಸಬೇಕೆಂದು ಮ್ಯಾನೇಜರರಿಗೆ ಅರ್ಜಿ ಕೊಟ್ಟಿದ್ದೇನೆ, ಈ ಸಲ ಸಹಿ ಹಾಕಿ. ಅವರು ಒಪ್ಪಿದರೂ ಸರಿ, ಇನ್ನೊಂದು ಮೆಮೊ ಬರೆದರೂ ಸರಿ. ಅಕ್ಕ ನೂರು ತುಂಬಿಸಲಿ, ಮನೆಯಲ್ಲಿ, ಬೀದಿಯಲ್ಲಿ, ಸಿಕ್ಕ ಸಿಕ್ಕವರ ಬಾಯಿ ತೆರೆಸುವ ಕೆಲಸ ಇನ್ನು ಪೂರ್ಣಾವಧಿಗೆ ನಡೆಸಲಿ ಎಂದು ಮನಸಾರೆ ಹಾರೈಸುತ್ತೇನೆ.

ಅರ್ಜಿಯ ವಿಷಯ ತಿಳಿಸಿದಾಗ ಅವರು ನನಗೂ ಜಾಗ ಗೊತ್ತುಮಾಡಿದರು.

“ಕೊನೇ ಕಟ್ಟಿನ ಹತ್ರ ನಿಂತ್ಕೊಳಿ. ನಿಮ್ಮ ಫಾರಂ ನೀವೇ ಎತ್ತಿಕೊಡಿ. ಬಾಯಿ ಮುಚ್ಕೊಂಡು ಮಾತ್ರ ನಿಲ್ಬೇಡಿ.”